ಪುದೀನ ಕೆಡದಂತೆ ಇಡುವ ಬಗೆ

ಸಂತೆಯಿಂದ ತಂದ ಪುದೀನ ಕಟ್ಟಿನಲ್ಲಿ ಅರ್ಧ ಅಡುಗೆಗೆ ಬಂದರೆ ಇನ್ನರ್ಧ ಮೂರನೆಯ ದಿನಕ್ಕೆ ಕಪ್ಪಾಗಿ ಕಸ ಸೇರುತ್ತದೆ. ನಾರಾಯಣಪೇಟೆ, ಮಕ್ತಲ, ಗದ್ವಾಲದ ಬಿಸಿಲಿನಲ್ಲಂತೂ ಕೇಳುವುದೇ ಬೇಡ. ಬೇರೆಯವರಾದರೆ ಮಿಕ್ಕ ಸೊಪ್ಪನ್ನು ಚಟ್ನಿ ಅರೆದು ಫ್ರಿಜ್ಜಿನಲ್ಲಿಟ್ಟು ವಾರವಿಡೀ ತಿನ್ನುತ್ತಾರೆ. ಬಾಸಿ ತಿನ್ನದ ನಮ್ಮ ಮನೆಗಳಲ್ಲಿ ಬೆಳಿಗ್ಗೆ ಅರೆದದ್ದು ಸೂರ್ಯಾಸ್ತದೊಳಗೆ ಮುಗಿಯಬೇಕು. ಆದ್ದರಿಂದ ಸಹೋದರಿಯರೆ, ನಾವು ಎಲೆಯನ್ನೇ ಕಾಪಾಡಿಕೊಳ್ಳಬೇಕು.

ಕಟ್ಟು ಬಿಚ್ಚಿ ಕೊಳೆತ ಎಲೆ ತೆಗೆಯಿರಿ. ಇಡುವ ಮುಂಚೆ ತೊಳೆಯಬೇಡಿ. ದಂಟಿನ ತುದಿ ಕತ್ತರಿಸಿ, ಲೋಟದಲ್ಲಿ ಎರಡು ಬೆರಳು ನೀರು ಹಾಕಿ ನಿಲ್ಲಿಸಿ. ಎಲೆ ನೀರಿಗೆ ತಾಗದಿರಲಿ, ನೀರನ್ನು ದಿನವೂ ಬದಲಿಸಿ. ಫ್ರಿಜ್ಜು ಇದ್ದವರು ಹತ್ತಿ ಬಟ್ಟೆಯಲ್ಲಿ ಸಡಿಲಾಗಿ ಸುತ್ತಿಟ್ಟರೆ ನಾಲ್ಕೈದು ದಿನ ಹಸಿರಾಗಿರುತ್ತದೆ. ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಎಲೆ ಬೆವೆತು ಕೊಳೆಯುತ್ತದೆ.

ಸೊಪ್ಪು ಶೋಧಿಸುವ ವಿಷಯದಲ್ಲಿ ಒಂದು ಮಾತು. ಉಪ್ಪುನೀರಿನಲ್ಲಿ ನೆನೆಸಿದರೆ ಹುಳ ಹೊರಬರುತ್ತದೆಂದು ಅಡುಗೆ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಹುಳ ಬರುವುದು ನಿಜ, ಆದರೆ ಸತ್ತು ಬರುತ್ತದೆ! ಹಗಲು ಬೆಳಕಿನಲ್ಲಿ ಬಿಳಿ ಬಟ್ಟೆಯ ಮೇಲೆ ದಂಟನ್ನು ಮೆಲ್ಲಗೆ ಕೊಡವಿ, ಎಲೆಯ ಬೆನ್ನನ್ನೂ ನೋಡಿ. ಬಿದ್ದ ಜೀವವನ್ನು ನೆರಳಿನ ಗಿಡದ ಬುಡದಲ್ಲಿ ಬಿಟ್ಟ ಮೇಲೆ, ಸೋಸಿದ ನೀರಿನಿಂದ ತೊಳೆಯಿರಿ. ಹತ್ತು ನಿಮಿಷದ ಕೆಲಸ. ಅವಸರವಿದ್ದ ದಿನ ಪುದೀನ ಮಾಡದಿದ್ದರೇನಂತೆ?

ಚಾತುರ್ಮಾಸದಲ್ಲಿ ಹಸಿ ಸೊಪ್ಪು ಬಿಡುವವರು ನಮ್ಮಲ್ಲಿ ಬಹಳ. ಕೆಲವರು ಫಾಲ್ಗುಣದಿಂದಲೇ ಬಿಡುತ್ತಾರೆ. ಒಣಗಿಸುವವರು ಮಾಘದಲ್ಲೇ ಮುಗಿಸಿಕೊಳ್ಳುವುದು ಲೇಸು. ತೊಳೆದ ಎಲೆಗಳ ನೀರು ಆರಿಸಿ, ಬಟ್ಟೆಯ ಮೇಲೆ ತೆಳ್ಳಗೆ ಹರಡಿ ನೆರಳಿನಲ್ಲಿ ಒಣಗಿಸಿ. ಬಿಸಿಲು ಬೇಡ: ಪುದೀನದ ಪರಿಮಳ ಎಲೆಯ ಎಣ್ಣೆಯಲ್ಲಿದೆ, ಕಾವಿಗೆ ಹಾರಿಹೋಗುತ್ತದೆ. ಮುಟ್ಟಿದರೆ ಮುರಿಯುವಂತಾದಾಗ ಗಾಜಿನ ಭರಣಿಗೆ ತುಂಬಿ. ಪುಡಿ ಮಾಡಿಡಬೇಡಿ. ಹಿಟ್ಟಿಗೆ ಚಳಿಗಾಲದಲ್ಲಿ ೭, ಬೇಸಿಗೆಯಲ್ಲಿ ೫, ಮಳೆಗಾಲದಲ್ಲಿ ೩ ದಿನದ ಮರ್ಯಾದೆ ಪಾಲಿಸುವ ಮನೆಗಳಲ್ಲಿ ಪುಡಿ ಬೇಗ ವ್ಯರ್ಥವಾಗುತ್ತದೆ. ಅತ್ತೆಯವರ ನಿಯಮಕ್ಕೆ ಒಣ ಎಲೆ ಸಲ್ಲುವುದೋ ಇಲ್ಲವೋ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಭರಣಿ ತುಂಬಿದ ಮೇಲೆ ಕೇಳಿದರೆ ಇಬ್ಬರಿಗೂ ಇರುಸುಮುರುಸು.

ಇನ್ನು ಜೋಳದ ರೊಟ್ಟಿಗೆ ಚಟ್ನಿ. ಒಂದು ಹಿಡಿ ಶೇಂಗಾ ಹುರಿದು ಸಿಪ್ಪೆ ತೆಗೆಯಿರಿ. ಚಮಚ ಎಣ್ಣೆಯಲ್ಲಿ ನಾಲ್ಕು ಹಸಿಮೆಣಸಿನಕಾಯಿ, ಜೀರಿಗೆ ಬಾಡಿಸಿ, ಒಲೆ ಆರಿಸಿದ ಮೇಲೆ ಎರಡು ಹಿಡಿ ಪುದೀನ ಹಾಕಿ ಕೈಯಾಡಿಸಿ; ಹೆಚ್ಚು ಹುರಿದರೆ ಕಹಿ. ಹುಣಸೆಹಣ್ಣು, ಉಪ್ಪು, ಚಿಟಿಕೆ ಇಂಗು ಸೇರಿಸಿ ತರಿತರಿಯಾಗಿ ಅರೆಯಿರಿ. ಬೆಳ್ಳುಳ್ಳಿಯ ನೆನಪೇ ಬಾರದು. ಪಲಾವಿಗೆ ಹಸಿ ಶುಂಠಿಯ ಬದಲು ಒಣಶುಂಠಿ ಸಾಕು. ಒಣ ಪುದೀನವಾದರೆ ಒಗ್ಗರಣೆಗೆ ಹಾಕದೆ, ಪಾತ್ರೆ ಇಳಿಸುವಾಗ ಅಂಗೈಯಲ್ಲಿ ಹೊಸಕಿ ಹಾಕಿ ಮುಚ್ಚಿಡಿ. ಪುದೀನ ಹಾಕಿದ ಮೊಸರುಪಚ್ಚಡಿಯನ್ನು ಕಡಲೆಹಿಟ್ಟಿನ ಭಜಿಯ ಜೊತೆ ಬಡಿಸುವ ಮುನ್ನ ದ್ವಿದಳದ ನೆನಪಿರಲಿ.

ಜಾಗವಿದ್ದವರು ಲೋಟದಲ್ಲಿಟ್ಟ ದಂಟಿನಲ್ಲೇ ನಾಲ್ಕನ್ನು ಉಳಿಸಿಕೊಳ್ಳಿ. ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ಅಗಲ ಬಾಯಿಯ ಕುಂಡದಲ್ಲಿ ನೆಟ್ಟು, ಮಧ್ಯಾಹ್ನದ ಬಿಸಿಲು ತಾಗದ ಕಡೆ ಇಡಿ. ಬೇಕಾದಷ್ಟು ತುದಿ ಮಾತ್ರ ಕತ್ತರಿಸಿ. ಬುಡದ ಎರಡು ಗೆಣ್ಣು ಬಿಟ್ಟರೆ ಗಿಡ ಮತ್ತೆ ಚಿಗುರುತ್ತದೆ.