ಹೊರೆ ಹೊತ್ತರೆ ಮಾನ ಹೋಗುವುದೇ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದವನು ಒಂದು ಚಿತ್ರ ತೋರಿಸಿದ. ಬಿಎಂಡಬ್ಲ್ಯು ಎಂ3 ಎಂಬ ವೇಗದ ಕಾರು. ಹಿಂದಿನ ಸೀಟುಗಳಿರಬೇಕಾದಲ್ಲಿ ಸರಕು ಹೇರುವ ತೊಟ್ಟಿ! “ನೋಡಿ ಮೇಷ್ಟ್ರೇ, ಎಂಥ ಕಾರನ್ನು ಲಗೇಜು ಗಾಡಿ ಮಾಡಿ ಮಾನ ಕಳೆದಿದ್ದಾರೆ” ಎಂದು ಮರುಗಿದ. ಆ ಮರುಕವನ್ನು ನಾನು ಒಪ್ಪಲಾರೆ. ಹೊರೆ ಹೊತ್ತರೆ ಮಾನ ಹೋಗುತ್ತದೆಂಬ ಎಣಿಕೆ ಕಾರಿನದಲ್ಲ, ನಮ್ಮದು.

1986ರಲ್ಲಿ ಜರ್ಮನಿಯ ಆ ಕಂಪನಿಯವರು ತಮ್ಮ ಕಾರ್ಖಾನೆಯ ಆವರಣದೊಳಗೆ ಬಿಡಿಭಾಗಗಳನ್ನು ಸಾಗಿಸಲೆಂದೇ ಮೊದಲ ತಲೆಮಾರಿನ ಎಂ3 ಕಾರಿಗೆ ಪಿಕಪ್ ರೂಪ ಕೊಟ್ಟರು. ಅದು ಸುಮಾರು 26 ವರ್ಷ ದುಡಿಯಿತು. ಅದರ ಉತ್ತರಾಧಿಕಾರಿಯನ್ನು 2011ರಲ್ಲಿ ಏಪ್ರಿಲ್ 1ರ ತಮಾಷೆಯಾಗಿ ಜಗತ್ತಿಗೆ ತೋರಿಸಿದರು. ಗಾಡಿ ಮಾತ್ರ ತಮಾಷೆಯದಲ್ಲ: 420 ಅಶ್ವಶಕ್ತಿಯ ಎಂಜಿನ್ನು, 450 ಕಿಲೋ ಹೊರುವ ಸಾಮರ್ಥ್ಯ. ಕಾರನ್ನು ಕಟ್ಟಿದವರಿಗೇ ಇಲ್ಲದ ಸಂಕೋಚ ನೋಡುವವರಿಗೇಕೆ?

ಆಸ್ಟ್ರೇಲಿಯಾದಲ್ಲಿ ಇಂಥ ಗಾಡಿಗಳಿಗೆ ‘ಯೂಟ್’ ಎಂದು ಹೆಸರು. ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲೂ ಒಂದೇ ವಾಹನ ಬೇಕೆಂದು ರೈತನ ಹೆಂಡತಿಯೊಬ್ಬಳು ಫೋರ್ಡ್ ಕಂಪನಿಗೆ ಕಾಗದ ಬರೆದಳೆಂಬ ಪ್ರತೀತಿಯಿದೆ. ಲ್ಯೂ ಬ್ಯಾಂಟ್ ಎಂಬ ತರುಣ ವಿನ್ಯಾಸಕ ರೂಪಿಸಿದ ಅಂಥ ವಾಹನ 1934ರಲ್ಲಿ ಹೊರಬಂತು. ಸೊಗಸೂ ದುಡಿಮೆಯೂ ಒಂದೇ ಮೈಯಲ್ಲಿ ಬಾಳಬಲ್ಲವೆಂದು ಆ ಹೆಣ್ಣುಮಗಳು ಅರಿತಿದ್ದಳು.

ಹಾಗೆಂದು ಸಿಕ್ಕ ಸಿಕ್ಕ ಕಾರಿಗೆ ಗರಗಸ ಹಾಕುವವರನ್ನು ನಾನು ಸಮರ್ಥಿಸುವುದಿಲ್ಲ. ಇಂದಿನ ಬಹುತೇಕ ಕಾರುಗಳಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿಯಿಲ್ಲ, ಒಡಲೇ ಬೆನ್ನೆಲುಬು. ಚಾವಣಿ ಕೊಯ್ದರೆ ಬಲವೂ ಕುಂದುತ್ತದೆ. ಆದ್ದರಿಂದಲೇ ಜರ್ಮನರು ಮೊದಲೇ ಹೆಚ್ಚಿನ ಆಸರೆ ಪಡೆದಿದ್ದ, ಮಡಚುವ ಚಾವಣಿಯ ಮಾದರಿಯನ್ನು ಆರಿಸಿಕೊಂಡರು. ಇನ್ನು, ತೊಟ್ಟಿಗೆ ಗೀರು ಬಿದ್ದೀತೆಂದು ಒಂದು ಮೂಟೆಯನ್ನೂ ಇಡದೆ ಪ್ರದರ್ಶನಕ್ಕೆ ನಿಲ್ಲಿಸುವವರ ಪಿಕಪ್ ಬರಿಯ ವೇಷ. ಕಾರು ಕೆಟ್ಟಿತೆಂದು ಅಳುವುದಾದರೆ ಅಲ್ಲಿ ಅಳಬೇಕು.

ಇಷ್ಟೆಲ್ಲ ಅವನಿಗೆ ಹೇಳಿದೆ. ಹೇಳುತ್ತಿರುವಾಗಲೇ ಒಂದು ನೆನಪು ಚುಚ್ಚಿತು. ಶಾಲೆಯಲ್ಲಿ ಶ್ರಮದಾನದ ದಿನ ಎಲ್ಲರೂ ಮಣ್ಣಿನ ಬುಟ್ಟಿ ಹೊರುತ್ತಿದ್ದರೆ, “ನೀನು ಜಾಣ, ಹೋಗಿ ಓದಿಕೋ” ಎಂದು ನೆರಳಿಗೆ ಕಳಿಸುತ್ತಿದ್ದುದು ಇದೇ ಹುಡುಗನನ್ನು. ಕಳಿಸುತ್ತಿದ್ದವನು ನಾನೇ. ಜಾಣತನಕ್ಕೂ ಹೊರೆಗೂ ಹಗೆಯೆಂಬ ಪಾಠವನ್ನು ಅವನು ಮತ್ತೆಲ್ಲಿ ಕಲಿತಾನು?