ಹದಿನೆಂಟು ತುಂಬಿದ ದಿನ

ಹಳೆಯ ತಲೆಮಾರಿನ ಅನೇಕರಿಗೆ ಹುಟ್ಟಿದ ದಿನಗಳು ಎರಡು. ಒಂದು, ತಾಯಿ ನೆನಪಿಟ್ಟುಕೊಂಡದ್ದು: ‘ಯುಗಾದಿ ಕಳೆದು ಎಂಟು ದಿನಕ್ಕೆ’, ‘ಕೆರೆ ಕೋಡಿ ಬಿದ್ದ ವರ್ಷ’ ಎನ್ನುವ ಬಗೆಯದು. ಇನ್ನೊಂದು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ತಾವೇ ಲೆಕ್ಕ ಹಾಕಿ, ದಾಖಲೆ ಪುಸ್ತಕದಲ್ಲಿ ಬರೆದದ್ದು. ಶಾಲೆ ಶುರುವಾಗುವುದು ಜೂನ್ ತಿಂಗಳಲ್ಲಿ. ಹಾಗಾಗಿ ಊರಿನ ಎಷ್ಟೋ ಮಕ್ಕಳು ಜೂನ್ 1ರಂದೇ ಹುಟ್ಟಿಬಿಟ್ಟರು. ಅವರೆಲ್ಲ ಬೆಳೆದು ಸರ್ಕಾರಿ ನೌಕರಿ ಹಿಡಿದು, ಮೇ 31ರಂದು ಒಟ್ಟೊಟ್ಟಿಗೆ ನಿವೃತ್ತರಾಗುತ್ತಾರೆ. ಆ ದಿನ ಕಚೇರಿಗಳಲ್ಲಿ ಶಾಲು, ಹಾರಗಳಿಗೆ ಬರ.

ಅವರ ಬಾಲ್ಯದ ಹುಟ್ಟುಹಬ್ಬವೆಂದರೆ ಬೆಳಿಗ್ಗೆ ಎಣ್ಣೆ ಒತ್ತಿ ನೀರು ಹಾಕುವುದು, ದೇವರ ಮುಂದೆ ಒಂದು ತುಪ್ಪದ ದೀಪ, ಮಧ್ಯಾಹ್ನ ಶಾವಿಗೆ ಪಾಯಸ. ತಿಥಿ, ನಕ್ಷತ್ರ ನೋಡಿ ಮಾಡುತ್ತಿದ್ದ ಈ ವರ್ಧಂತಿ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷವೂ ಅತ್ತಿತ್ತ ಜರುಗುತ್ತಿತ್ತು. ಆಮೇಲೆ ಕೇಕು ಬಂತು. ಮೇಣದ ಬತ್ತಿ ಊದಿ ಆರಿಸುವುದನ್ನು ಕಂಡ ಅಜ್ಜಿಯರು ‘ಒಳ್ಳೇ ದಿನ ದೀಪ ಆರಿಸ್ತಾರೇನ್ರೋ?’ ಎಂದು ಗೊಣಗಿದರು. ದೀಪ ಹಚ್ಚಿ ಶುಭ ಕೋರುವ ಮನೆಯಲ್ಲಿ ಅವರು ಗೊಣಗಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈಗ ಬಹಳ ಮನೆಗಳಲ್ಲಿ ಬೆಳಿಗ್ಗೆ ಪಾಯಸ, ಸಂಜೆ ಕೇಕು ಎಂದು ರಾಜಿಯಾಗಿದೆ. ಯಾರಿಗೂ ನಷ್ಟವಿಲ್ಲ.

ಆದರೆ ಹದಿನೆಂಟನೆಯ ಹುಟ್ಟುಹಬ್ಬ ಮಿಕ್ಕವುಗಳಂತಲ್ಲ. ಆವತ್ತು ಮನೆಯೊಳಗಿನ ಮಗು ಕಾನೂನಿನ ಕಣ್ಣಿನಲ್ಲಿ ಬೇರೆಯೇ ವ್ಯಕ್ತಿಯಾಗುತ್ತದೆ. 1875ರ ಪ್ರಾಪ್ತ ವಯಸ್ಕತೆಯ ಕಾಯಿದೆ ಹೇಳುವ ಪ್ರಕಾರ ಹದಿನೆಂಟನೆಯ ವರ್ಷಾಬ್ದಿಯ ದಿನ ಆರಂಭವಾಗುತ್ತಲೇ ವ್ಯಕ್ತಿ ಪ್ರಾಪ್ತ ವಯಸ್ಕ. (ರಾತ್ರಿ ಹನ್ನೆರಡಕ್ಕೆ ಕೇಕು ಕತ್ತರಿಸಬೇಕೆಂದು ಹಟ ಹಿಡಿಯುವ ಹುಡುಗರಿಗೆ ಇದೊಂದು ಬಲವಾದ ವಾದ. ತಂದೆತಾಯಿ ಇದನ್ನು ಅವರಿಗೆ ಹೇಳದಿರುವುದೇ ಕ್ಷೇಮ.) ಅಪ್ಪನ ಸಹಿಯಿಂದ ನಡೆಯುತ್ತಿದ್ದ ಬ್ಯಾಂಕಿನ ಖಾತೆಗೆ ಇನ್ನು ಮಗಳ ಸಹಿಯೇ ಬೇಕು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವಳೂ ಅವಳೇ. ಗೇರ್ ಇರುವ ಮೋಟಾರ್ ಸೈಕಲ್ಲಿಗೆ ಲೈಸೆನ್ಸ್ ಸಿಗುವುದೂ ಈ ವಯಸ್ಸಿಗೇ. ಮತದಾನದ ವಯಸ್ಸು ಮೊದಲು 21 ಇತ್ತು. ಸಂವಿಧಾನದ 61ನೆಯ ತಿದ್ದುಪಡಿ 1989ರ ಮಾರ್ಚ್ ತಿಂಗಳಲ್ಲಿ ಜಾರಿಗೆ ಬಂದು ಅದು 18 ಆಯಿತು. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಆ ವಯಸ್ಸಿನವರು ಮೊದಲ ಸಲ ಮತಗಟ್ಟೆಯ ಮುಂದೆ ಸಾಲಿನಲ್ಲಿ ನಿಂತರು.

ಇಷ್ಟೆಲ್ಲ ಅಧಿಕಾರ ಕೈಗೆ ಬರುವ ಹೊತ್ತಿಗೆ ಮಕ್ಕಳು ಎಲ್ಲಿರುತ್ತಾರೆ? ಹೆಚ್ಚಿನವರು ದ್ವಿತೀಯ ಪಿಯುಸಿಯಲ್ಲಿ, ಟ್ಯೂಷನ್ನಿಗೂ ಕಾಲೇಜಿಗೂ ನಡುವೆ, ಬಸ್ಸಿನಲ್ಲಿ ಜೋತುಬಿದ್ದಿರುತ್ತಾರೆ. ಮೈಸೂರಿನ ಒಂದು ಸಾಧಾರಣ ಮನೆಯನ್ನು ಕಲ್ಪಿಸಿಕೊಳ್ಳೋಣ. ತಂದೆ ಕಚೇರಿಯಲ್ಲಿ ಗುಮಾಸ್ತರು, ತಾಯಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ, ಮಗಳು ಪಿಯುಸಿ ವಿಜ್ಞಾನ, ಮಗ ಒಂಬತ್ತನೆಯ ತರಗತಿ. ಹುಟ್ಟುಹಬ್ಬದ ಮಾತು ಬಂದ ಕೂಡಲೇ ಇಂಥ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: ‘ಈ ವರ್ಷ ಬೇಡ ಪುಟ್ಟಿ, ಪರೀಕ್ಷೆ ಮುಗೀಲಿ. ಆಮೇಲೆ ಜೋರಾಗಿ ಮಾಡೋಣ.’ ಪರೀಕ್ಷೆ ಮುಗಿಯುತ್ತದೆ, ಸಿಇಟಿ ಬರುತ್ತದೆ. ಅದು ಮುಗಿಯುತ್ತದೆ, ಸೀಟು ಹುಡುಕುವ ಓಡಾಟ ಬರುತ್ತದೆ. ಸೀಟು ಸಿಕ್ಕಿದ ಮೇಲೆ ಮಗಳು ಟ್ರಂಕು ಕಟ್ಟಿಕೊಂಡು ಇನ್ನೊಂದು ಊರಿನ ಹಾಸ್ಟೆಲಿಗೆ ಹೊರಡುತ್ತಾಳೆ. ಆ ‘ಆಮೇಲೆ’ ಬರುವುದೇ ಇಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯ ಮನೆಯೂ ಇದೆ. ಅಲ್ಲಿ ಹಾಲ್ ಗೊತ್ತುಮಾಡಿ, ಬಲೂನು ಕಟ್ಟಿಸಿ, ಮೂರು ಅಂತಸ್ತಿನ ಕೇಕು ತರಿಸಿ, ತಂದೆಯ ಸಹೋದ್ಯೋಗಿಗಳನ್ನೆಲ್ಲ ಕರೆಯುತ್ತಾರೆ. ಹುಟ್ಟುಹಬ್ಬದ ಹುಡುಗಿ ಹೊಸ ಬಟ್ಟೆಯಲ್ಲಿ ಮೂರು ಗಂಟೆ ನಿಂತು ಗುರುತಿಲ್ಲದವರ ಜೊತೆ ಫೋಟೊ ತೆಗೆಸಿಕೊಳ್ಳುತ್ತಾಳೆ. ಪ್ರೀತಿಯಿಲ್ಲದೆ ಯಾರೂ ಹೀಗೆ ದುಡ್ಡು ಸುರಿಯುವುದಿಲ್ಲ, ನಿಜ. ಆದರೆ ಮುಂದೂಡುವ ಮನೆಯಲ್ಲೂ ಮೆರೆಸುವ ಮನೆಯಲ್ಲೂ ಒಂದು ಸಂಗತಿ ಸಮಾನ. ‘ನೀನೀಗ ದೊಡ್ಡವಳು’ ಎಂದು ಹೇಳಬೇಕಾದ ದಿನ ಎಲ್ಲವನ್ನೂ ದೊಡ್ಡವರೇ ತೀರ್ಮಾನಿಸಿರುತ್ತಾರೆ. ಆರು ತಿಂಗಳಲ್ಲಿ ಮನೆ ಬಿಡಲಿರುವ ಹುಡುಗಿಗೆ, ಹುಡುಗನಿಗೂ ಅಷ್ಟೇ, ಒಲೆ ಹಚ್ಚಿ ಒಂದು ಪದಾರ್ಥ ಮಾಡಲು ಬರುವುದಿಲ್ಲ. ನಾಲ್ಕು ಜನರನ್ನು ಹೊರಡಿಸಿ, ಬಸ್ಸು ಹತ್ತಿಸಿ, ಸುರಕ್ಷಿತವಾಗಿ ಮನೆಗೆ ತಂದ ಅಭ್ಯಾಸವಿಲ್ಲ. ಆ ಒಂದು ದಿನವನ್ನು ಪೂರ್ತಿಯಾಗಿ ಅವರ ಕೈಗೇ ಕೊಟ್ಟರೆ? ಕೇಕು ಅವಳೇ ಮಾಡಲಿ, ಎಲ್ಲಿಗೆ ಹೋಗಬೇಕೆಂದು ಅವಳೇ ಹೇಳಲಿ, ಉಳಿದವರು ಹಿಂದೆ ನಡೆಯಲಿ. ಹುಟ್ಟಿದ ದಿನ ವಾರದ ನಡುವೆ ಬಂದರೆ ಭಾನುವಾರಕ್ಕೆ ಸರಿಸಿಕೊಳ್ಳಬಹುದು. ವರ್ಧಂತಿಯೂ ಜರುಗುತ್ತಿತ್ತಲ್ಲ!

ಕೇಕಿಗೆ ಓವನ್ ಬೇಕೇಬೇಕೆಂದು ಅನೇಕರು ಹಿಂಜರಿಯುತ್ತಾರೆ. ಬೇಡ. ಅಟ್ಟದ ಮೇಲಿರುವ ಹಳೆಯ ಕುಕ್ಕರ್ ಸಾಕು. ದಿನವೂ ಅನ್ನ ಮಾಡುವ ಹೊಸ ಕುಕ್ಕರನ್ನು ಮಾತ್ರ ಇದಕ್ಕೆ ಬಲಿ ಕೊಡಬಾರದು, ಒಣ ಬಿಸಿಗೆ ಅದು ಹಾಳಾದೀತು. ಬಿಗಿ ಮುಚ್ಚಳದ, ದಪ್ಪ ತಳದ ಪಾತ್ರೆಯಾದರೂ ನಡೆಯುತ್ತದೆ. ಕುಕ್ಕರಿನ ಮುಚ್ಚಳದಿಂದ ಗ್ಯಾಸ್ಕೆಟನ್ನೂ ವಿಶಲನ್ನೂ ಮೊದಲು ತೆಗೆದಿಡಬೇಕು. ಇದನ್ನು ಮರೆಯುವಂತಿಲ್ಲ. ಒಳಗೆ ನೀರು ಹಾಕಬಾರದು. ತಳದಲ್ಲಿ ಒಂದು ಅಂಗುಲ ದಪ್ಪ ಪುಡಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ, ಹತ್ತು ನಿಮಿಷ ನಡುಉರಿಯಲ್ಲಿ ಕಾಯಿಸಬೇಕು. ಉಪ್ಪು ಬಿಸಿಯನ್ನು ಹಿಡಿದಿಟ್ಟುಕೊಂಡು ಒಂದೇ ಸಮನಾಗಿ ಹಂಚುತ್ತದೆ.

ಅಷ್ಟರಲ್ಲಿ ಹಿಟ್ಟು ಕಲಸಿಕೊಳ್ಳಬಹುದು. ಕಾಲು ಲೀಟರ್ ಹಿಡಿಯುವ ಒಂದೇ ಲೋಟ ಎಲ್ಲಕ್ಕೂ ಅಳತೆ. ಒಂದು ಲೋಟ ಗಟ್ಟಿ ಮೊಸರಿಗೆ ಮುಕ್ಕಾಲು ಲೋಟ ಸಕ್ಕರೆ ಹಾಕಿ ಕರಗುವವರೆಗೆ ಕಲಕಬೇಕು. ಒಂದೂಕಾಲು ಚಹಾ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ ಸೇರಿಸಿ ಐದು ನಿಮಿಷ ಬಿಟ್ಟರೆ ಮೊಸರು ನೊರೆಯೆದ್ದು ಉಬ್ಬುತ್ತದೆ. ಪಿಯುಸಿ ವಿಜ್ಞಾನದವರಿಗೆ ಇದರ ವಿವರಣೆ ಬೇಕಿಲ್ಲ. ಮೊಸರಿನ ಲ್ಯಾಕ್ಟಿಕ್ ಆಮ್ಲವೂ ಸೋಡಾ ಬೈಕಾರ್ಬನೇಟೂ ಕೂಡಿ ಇಂಗಾಲದ ಡೈ ಆಕ್ಸೈಡ್ ಬಿಡುತ್ತವೆ. ಪರೀಕ್ಷಾ ನಳಿಕೆಯಲ್ಲಿ ನೋಡಿದ್ದನ್ನು ಬೋಗುಣಿಯಲ್ಲಿ ನೋಡುವುದು, ಅಷ್ಟೇ. ಇನ್ನು ಅರ್ಧ ಲೋಟ ವಾಸನೆಯಿಲ್ಲದ ಎಣ್ಣೆ, ಒಂದು ಚಮಚ ವೆನಿಲಾ ಅಥವಾ ಏಲಕ್ಕಿ ಪುಡಿ. ಕೊನೆಗೆ ಜರಡಿ ಹಿಡಿದ ಒಂದೂವರೆ ಲೋಟ ಮೈದಾ. ಮೈದಾ ಬಿದ್ದ ಮೇಲೆ ಗಂಟು ಒಡೆಯುವಷ್ಟು ಮಾತ್ರ ಕಲಸಬೇಕು. ಚಪಾತಿ ಹಿಟ್ಟಿನಂತೆ ನಾದಿದರೆ ಹಿಟ್ಟಿನ ಜಿಗುಟು ಬಲಿತು ಕೇಕು ರಬ್ಬರಾಗುತ್ತದೆ. ಮೈದಾದ ಮೂರನೆಯ ಒಂದು ಪಾಲಿನ ಜಾಗಕ್ಕೆ ರಾಗಿ ಹಿಟ್ಟು ಹಾಕಿದರೆ ಬಣ್ಣವೂ ಬರುತ್ತದೆ, ಹಳೆ ಮೈಸೂರಿನ ನಾಲಿಗೆಗೂ ಹಿಡಿಸುತ್ತದೆ.

ತುಪ್ಪ ಸವರಿ ಮೈದಾ ಉದುರಿಸಿದ ಪಾತ್ರೆಗೆ ಸುರಿದು, ಕುಕ್ಕರಿನೊಳಗೆ ಇಳಿಸಿ, ಸಣ್ಣ ಉರಿಯಲ್ಲಿ ನಲವತ್ತು ನಲವತ್ತೈದು ನಿಮಿಷ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆಯಬಾರದು. ಇಣುಕಿದರೆ ಕೇಕು ನಡುವೆ ಕುಸಿಯುತ್ತದೆ. ಈ ಅರ್ಧ ಗಂಟೆ ಕಠಿಣವಾದದ್ದು ಮಗಳಿಗಲ್ಲ, ತಾಯಿಗೆ. ‘ಒಂಚೂರು ನೋಡ್ಲಾ?’ ಎಂದು ಆಕೆ ಮೂರು ಸಲ ಕೇಳುತ್ತಾರೆ. ‘ಬೇಡಮ್ಮ, ನೀನು ಆಚೆ ಹೋಗು’ ಎಂದು ಮಗಳು ಮೂರು ಸಲ ಹೇಳಬೇಕಾಗುತ್ತದೆ. ಕೊನೆಗೆ ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಮೆತ್ತದೆ ಬಂದರೆ ಬೆಂದಿದೆ ಎಂದರ್ಥ. ಪೂರ್ತಿ ಆರಿದ ಮೇಲೆಯೇ ಮಗುಚಬೇಕು.

ಕುಕ್ಕರಿನ ಕೇಕಿಗೆ ನೆತ್ತಿಯ ಮೇಲೆ ಕೆಂಪು ಬರುವುದಿಲ್ಲ. ಬಿಸಿ ಬರುವುದು ಬಹುಪಾಲು ಕೆಳಗಿನಿಂದ. ತುಳುನಾಡಿನವರು ಇದಕ್ಕೆ ಎಂದೋ ಉಪಾಯ ಕಂಡುಕೊಂಡಿದ್ದರು. ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಹಾಗೆ ಬೇಯಿಸಿದ್ದಕ್ಕೆ ಅವರು ಇಟ್ಟ ಹೆಸರೇ ಕೆಂಡದಡ್ಯೆ. ಕೇಕು ಪರದೇಶದ್ದೆಂದು ಮೂಗು ಮುರಿಯುವ ಅಜ್ಜನಿಗೆ ಇದನ್ನು ಹೇಳಬಹುದು. ನೆರೆಯ ಕೇರಳದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬ ಬೇಕರಿಯವರು 1883ರಲ್ಲಿ ತೋಟದ ದೊರೆಯೊಬ್ಬರು ತಂದುಕೊಟ್ಟ ಮಾದರಿ ನೋಡಿ ಕ್ರಿಸ್‌ಮಸ್ ಕೇಕು ಮಾಡಿದರೆಂಬ ಕಥೆ ಆ ಊರಿನಲ್ಲಿ ಪ್ರಸಿದ್ಧ. ಕೇಕು ಈ ಕಡೆಗೆ ಬಂದು ನೂರು ವರ್ಷದ ಮೇಲಾಯಿತು. ಇನ್ನೂ ಅದನ್ನು ನೆಂಟರೆಂದು ಹೊರಗೆ ಕೂರಿಸುವುದು ಹೆಚ್ಚಾಯಿತು.

ಕೇಕನ್ನು ಹಿಂದಿನ ಸಂಜೆಯೇ ಮಾಡಿಟ್ಟರೆ ಒಳ್ಳೆಯದು. ಬೆಳಗಿನ ಹೊತ್ತು ಹೊರಗಿನದ್ದು. ಮೈಸೂರಿನವರಿಗೆ ಚಾಮುಂಡಿ ಬೆಟ್ಟವಿದೆ. ಧಾರವಾಡದವರಿಗೆ ಸಾಧನಕೇರಿ, ಉಡುಪಿಯವರಿಗೆ ಮಲ್ಪೆಯ ಕಡಲು, ಬೆಂಗಳೂರಿನವರಿಗೆ ಲಾಲ್‌ಬಾಗಿನ ಹಳೆಯ ಬಂಡೆ. ಹತ್ತಿರದಲ್ಲಿ ಏನಿದೆಯೋ ಅದು. ನಡೆಯುವಂತಿರಬೇಕು, ಅಷ್ಟೇ. ನಮ್ಮ ಕಲ್ಪನೆಯ ಮನೆಯ ಹುಡುಗಿ ಬೆಟ್ಟದ ಮೆಟ್ಟಿಲನ್ನೇ ಆರಿಸಿಕೊಂಡಳು ಎನ್ನೋಣ. ‘ಬಸ್ಸಲ್ಲೇ ಹೋಗಬಹುದಲ್ಲ?’ ಎಂದರು ತಂದೆ. ‘ವಾಪಸ್ ಬರೋವಾಗ ಬಸ್ಸು ಅಪ್ಪ, ಹೋಗೋವಾಗ ಮೆಟ್ಲು’ ಎಂದಳು ಮಗಳು. ಆವತ್ತು ಅವಳ ಮಾತೇ ನಡೆಯಬೇಕಲ್ಲ, ನಡೆಯಿತು.

ಮೆಟ್ಟಿಲುಗಳು ಸಾವಿರಕ್ಕೂ ಮೇಲೆ. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕಾಲದವು ಎನ್ನುತ್ತಾರೆ. ಬಿಸಿಲೇರುವ ಮೊದಲೇ ಪಾದದ ಬಳಿ ಇರಬೇಕು. ಆ ಹೊತ್ತಿಗೆ ಹರಕೆ ಹೊತ್ತ ಹೆಂಗಸರು ಬಗ್ಗಿ ಬಗ್ಗಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತ ಹತ್ತುತ್ತಿರುತ್ತಾರೆ. ಅವರನ್ನು ನೋಡಿದ ಮೇಲೆ ಮಂಡಿ ನೋವೆಂದು ಹೇಳಲು ಯಾರಿಗೂ ಬಾಯಿ ಬಾರದು. ಕೆಳಗಿನ ಮೆಟ್ಟಿಲುಗಳೇ ಕಡಿದು. ಮಗ ಓಡುತ್ತಾನೆ, ತಾಯಿ ಲೆಕ್ಕ ಹಾಕುತ್ತಾರೆ, ತಂದೆ ನೂರೈವತ್ತಕ್ಕೇ ಕಲ್ಲಿನ ಮೇಲೆ ಕೂರುತ್ತಾರೆ. ಮನೆಯಲ್ಲಿ ಓದು, ಅಂಕ, ಫೀಸು ಬಿಟ್ಟು ಬೇರೆ ಮಾತೇ ಇಲ್ಲದ ತಂದೆ ಮಕ್ಕಳು ಇಂಥ ಕಡೆ ಬೇರೆ ಮಾತಾಡುತ್ತಾರೆ. ಎದುರೆದುರು ಕುಳಿತು ಕೇಳಲಾಗದ ಪ್ರಶ್ನೆಯನ್ನು ಪಕ್ಕದಲ್ಲಿ ನಡೆಯುತ್ತ ಕೇಳಬಹುದು. ಇಂಜಿನಿಯರಿಂಗ್ ಬೇಡ, ಬಿಎಸ್ಸಿ ಓದುತ್ತೇನೆ ಎಂಬ ಮಾತು ಎಷ್ಟೋ ತಿಂಗಳಿಂದ ಮಗಳ ಗಂಟಲಲ್ಲಿದ್ದರೆ, ಮುನ್ನೂರನೆಯ ಮೆಟ್ಟಿಲಿನ ಆಸುಪಾಸಿನಲ್ಲಿ ಅದು ಹೊರಬಂದರೂ ಬಂದೀತು. ತಂದೆಗೆ ಏದುಸಿರು. ತಕ್ಷಣ ಬೈಯುವುದಕ್ಕಾಗದು. ಅದೂ ಬೆಟ್ಟದ ಒಂದು ಅನುಕೂಲ. ಉತ್ತರ ಅಲ್ಲೇ ಸಿಗಬೇಕೆಂದೇನಿಲ್ಲ. ಮಾತು ಕಿವಿಗೆ ಬಿದ್ದಿತಲ್ಲ.

ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹತ್ತಿದ ಮೇಲೆ ಏಕಶಿಲೆಯ ನಂದಿ. ಎತ್ತರ ಸುಮಾರು 16 ಅಡಿ, ಕೊರಳಲ್ಲಿ ಕಲ್ಲಿನದೇ ಗಂಟೆಸರ. ಅಲ್ಲಿಗೆ ಮೋಟಾರು ರಸ್ತೆಯೂ ಬರುವುದರಿಂದ ಸಾಕೆನಿಸಿದವರು ನಿಲ್ಲಬಹುದು. ಮುಂದಿನ ದಾರಿ ಸಲೀಸು. ಮೇಲೆ ನಿಂತರೆ ಇಡೀ ಊರು ಕೆಳಗೆ: ಅರಮನೆ, ರೇಸ್‌ಕೋರ್ಸು, ಕಾರಂಜಿ ಕೆರೆ. ದಿನವೂ ಪುಸ್ತಕದ ಚೀಲ ಹೊತ್ತು ತಿರುಗಿದ ರಸ್ತೆಗಳು ಒಂದು ಅಂಗೈಯಗಲ ಕಾಣುತ್ತವೆ. ಕೇಕಿನ ಡಬ್ಬಿ ತೆಗೆಯುವಾಗ ಸುತ್ತ ನೋಡಿಕೊಳ್ಳಬೇಕು. ಬೆಟ್ಟದ ಕೋತಿಗಳು ಯಾರ ಹುಟ್ಟುಹಬ್ಬವನ್ನೂ ಬಿಡುವುದಿಲ್ಲ. ಸ್ಟೀಲಿನ ಡಬ್ಬಿಯೇ ಸರಿ, ಪ್ಲಾಸ್ಟಿಕ್ ಚೀಲದ ಸದ್ದಿಗೇ ಅವು ಓಡಿಬರುತ್ತವೆ. ಅಲ್ಲಿ ಮೇಣದ ಬತ್ತಿ ಬೇಕಿಲ್ಲ, ಗಾಳಿಗೆ ನಿಲ್ಲುವುದೂ ಇಲ್ಲ. ಅಜ್ಜಿಗೂ ಸಮಾಧಾನ.

ಮಧ್ಯಾಹ್ನ ಮನೆ ಸೇರಿ ಊಟ ಮಾಡಿ ಒಂದು ನಿದ್ದೆ ಹೊಡೆದ ಮೇಲೂ ಸಂಜೆ ಓದಲು ಮೂರು ಗಂಟೆ ಉಳಿಯುತ್ತದೆ ಎಂದು ಆತಂಕದ ತಾಯ್ತಂದೆಯರಿಗೆ ತಿಳಿಸಬೇಕು. ಕರ್ನಾಟಕದಲ್ಲಿ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಹದಿನೆಂಟನೆಯ ಹುಟ್ಟುಹಬ್ಬಕ್ಕೆ ಅಂಥ ಪೂರಕ ವ್ಯವಸ್ಥೆಯಿಲ್ಲ. ಆ ಸಂಜೆಯ ಇನ್ನೊಂದು ಸಣ್ಣ ಕೆಲಸ, ಮತದಾರರ ಪಟ್ಟಿಗೆ ಸೇರಲು ನಮೂನೆ 6 ತುಂಬುವುದು. ಹಿಂದೆ ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಾಂಕಗಳೂ ಲೆಕ್ಕಕ್ಕೆ ಬರುತ್ತವೆ. ಹದಿನೇಳು ತುಂಬಿದವರು ಮುಂಚಿತವಾಗಿಯೂ ಅರ್ಜಿ ಹಾಕಬಹುದು. ಅರ್ಜಿಯನ್ನು ತುಂಬುವುದು ಮಗಳು. ಅಪ್ಪ ಪಕ್ಕದಲ್ಲಿ ಕುಳಿತು ಕನ್ನಡಕ ಒರೆಸಿಕೊಳ್ಳಬಹುದು.

ಕುಕ್ಕರಿನ ತಳದ ಉಪ್ಪನ್ನು ಎಸೆಯಬಾರದು. ಅಡುಗೆಗೆ ಅದು ಬರುವುದಿಲ್ಲ, ಆದರೆ ಇನ್ನೆಷ್ಟೋ ಕೇಕುಗಳಿಗೆ ಬರುತ್ತದೆ. ಆರಿದ ಮೇಲೆ ಡಬ್ಬಿಗೆ ತುಂಬಿ, ಮೇಲೊಂದು ಚೀಟಿ ಅಂಟಿಸಿ ಅಟ್ಟಕ್ಕೆ ಹಾಕಿದರೆ ತಮ್ಮನ ಸರದಿಗೆ ಆಯಿತು.