ಸಂಜೆಯೊಳಗಿನ ಕೂಲಿ

ಅರೆಕೆರೆಯ ನಮ್ಮ ಬೀದಿಗಳಲ್ಲಿ ಶುಕ್ರವಾರ ಸಂಜೆ ಗೃಹ ಪ್ರಾರ್ಥನೆ ಇರುತ್ತದೆ. ಒಂದು ವಾರ ಒಬ್ಬರ ಮನೆ, ಮುಂದಿನ ವಾರ ಇನ್ನೊಬ್ಬರ ಮನೆ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸಿಕ್ಕಿಕೊಂಡು ಬಂದವರು ಬೂಟು ಬಿಚ್ಚಿ, ಮುಖ ತೊಳೆದು, ಬೈಬಲ್ ಹಿಡಿದು ಕೂರುತ್ತಾರೆ. ಕಳೆದ ವರ್ಷದ ಒಂದು ಶುಕ್ರವಾರ ಓದುವ ಪಾಳಿ ನನ್ನದಾಗಿತ್ತು. ಯಾಕೋಬನ ಪತ್ರಿಕೆ, ಐದನೆಯ ಅಧ್ಯಾಯ. ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿ ಸುಮ್ಮನಿರುವುದಿಲ್ಲ, ಅದರ ಕೂಗು ದೇವರ ಕಿವಿ ಮುಟ್ಟಿದೆ ಎಂದು ಯಾಕೋಬ ಹಣವಂತರನ್ನು ತರಾಟೆಗೆ ತೆಗೆದುಕೊಳ್ಳುವ ಭಾಗ ಅದು. ನಾನು ಓದಿ ಮುಗಿಸಿದೆ. ಮನೆಯ ಹಿರಿಯರು ಅದರ ಮೇಲೆ ಹತ್ತು ನಿಮಿಷ ಮಾತಾಡಿದರು. ಸಂಪತ್ತು ಶಾಶ್ವತವಲ್ಲ, ನಮ್ಮ ಮನಸ್ಸು ಪರಲೋಕದ ಮೇಲಿರಬೇಕು ಎಂದರು. ಎಲ್ಲರೂ ಆಮೆನ್ ಎಂದೆವು.

ಕಾಫಿ ಲೋಟ ಇಡಲು ಒಳಗೆ ಹೋದಾಗ ಅಡುಗೆಮನೆಯ ಬಾಗಿಲಲ್ಲಿ ಕೆಲಸದ ಅಕ್ಕ ನಿಂತಿದ್ದರು. ಯಾದಗಿರಿ ಕಡೆಯವರು. ತಿಂಗಳು ಮುಗಿದು ಹನ್ನೆರಡು ದಿನವಾಗಿತ್ತು, ಪಗಾರ ಬಂದಿರಲಿಲ್ಲ. ಮನೆಯಾಕೆ ನಗುತ್ತಲೇ, 'ಸೋಮವಾರ ನೋಡೋಣಮ್ಮ, ಈಗ ಜನ ಇದ್ದಾರಲ್ಲ' ಎಂದರು. ಅಕ್ಕ ತಲೆಯಾಡಿಸಿ ಪಾತ್ರೆಗೆ ಕೈ ಹಾಕಿದರು. ಹದಿನೈದು ನಿಮಿಷದ ಹಿಂದೆ ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿದ್ದ ನಾನು ಲೋಟ ಇಟ್ಟು ಹೊರಗೆ ಬಂದೆ. ಒಂದು ಮಾತೂ ಆಡಲಿಲ್ಲ.

ಈ ಬರಹ ಆ ಮನೆಯವರ ಮೇಲಿನ ದೂರಲ್ಲ. ಅವರು ಒಳ್ಳೆಯವರೇ. ನನ್ನ ತಕರಾರಿರುವುದು 'ದೇವರ ವಾಕ್ಯವನ್ನು ದಿನನಿತ್ಯದಲ್ಲಿ ಬಾಳುವುದು' ಎಂದು ನಾವು ಸಭೆಯಲ್ಲಿ ಪದೇಪದೇ ಹೇಳುವ ಮಾತಿನ ಅರ್ಥ ಎಷ್ಟು ಕಿರಿದಾಗಿದೆ ಎಂಬುದರ ಬಗ್ಗೆ. ಬೆಳಿಗ್ಗೆ ಎದ್ದು ಒಂದು ಅಧ್ಯಾಯ ಓದುವುದು, ವಾಟ್ಸಾಪಿನಲ್ಲಿ ವಾಕ್ಯ ಹಂಚುವುದು, ಕುಡಿಯದಿರುವುದು, ಕೆಟ್ಟ ಮಾತು ಆಡದಿರುವುದು, ನೋಯಿಸಿದವರನ್ನು ಕ್ಷಮಿಸುವುದು. ಇವೆಲ್ಲ ಬೇಕು, ಇವುಗಳಲ್ಲಿ ಕೆಲವು ಸುಲಭವೂ ಅಲ್ಲ. ಆದರೆ ಇಷ್ಟರಲ್ಲೇ ಮುಗಿಸಿಕೊಂಡರೆ ಶಾಸ್ತ್ರ ನಮ್ಮ ಎದೆಯೊಳಗೆ ಮಾತ್ರ ಓಡಾಡುತ್ತದೆ, ನಮ್ಮ ಲೆಕ್ಕದ ಪುಸ್ತಕ ಮುಟ್ಟುವುದಿಲ್ಲ.

ಶಾಸ್ತ್ರವಾದರೋ ಲೆಕ್ಕದ ಪುಸ್ತಕವನ್ನೇ ಮೊದಲು ಕೇಳುತ್ತದೆ. ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯ ತೆಗೆಯಿರಿ. ಬಡ ಕೂಲಿಯವನ ದುಡಿಮೆಯ ಹಣವನ್ನು ಅದೇ ದಿನ, ಹೊತ್ತು ಮುಳುಗುವ ಮುಂಚೆ ಕೊಡಬೇಕು. ಅವನ ಜೀವ ಅದನ್ನೇ ನೆಚ್ಚಿಕೊಂಡಿದೆ ಎಂಬುದು ಅಲ್ಲಿ ಕೊಡುವ ಕಾರಣ. ಕೂಲಿಯವನು ಅನ್ಯದೇಶದವನಾದರೂ ಇದೇ ನಿಯಮ. ಯಾಜಕಕಾಂಡವೂ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎನ್ನುತ್ತದೆ. ಯೇಸು ಹೇಳಿದ ದ್ರಾಕ್ಷಾತೋಟದ ಕತೆಯಲ್ಲಿ ಯಜಮಾನ ಸಂಜೆಯಾದ ಕೂಡಲೇ ಕೂಲಿ ಹಂಚುತ್ತಾನೆ, ಹೊತ್ತಿಳಿದ ಮೇಲೆ ಬಂದವನಿಗೂ ಇಡೀ ದಿನದ ಕೂಲಿ. ಜಕ್ಕಾಯನ ಮನೆಗೆ ಯೇಸು ಹೋದಾಗ ಆ ಸುಂಕದವನು ತೋರಿಸಿದ ಭಕ್ತಿ ಯಾವುದು? ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂಬ ಮಾತು. ಅವನು ಕಣ್ಣೀರಿಟ್ಟು ಪ್ರಾರ್ಥಿಸಿದ್ದನ್ನು ಲೂಕ ಬರೆದಿಲ್ಲ, ಲೆಕ್ಕ ಬರೆದಿದ್ದಾನೆ.

ನನ್ನ ಸಂಶೋಧನೆ ಮಿಶನರಿಗಳ ಕಾಲದ ಕನ್ನಡದ ಮೇಲೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವನ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಅವರ ಪಕ್ಕದಲ್ಲಿ ಕೂತು ಮಾತಿಗೆ ಮಾತು ಹುಡುಕಿಕೊಟ್ಟ ಮುನ್ಷಿಗಳ ಹೆಸರು ನಮ್ಮಲ್ಲಿ ಯಾರ ನಾಲಗೆಯ ಮೇಲೂ ಇಲ್ಲ, ಅದು ಬೇರೆಯೇ ಸಾಲ. ಇಲ್ಲಿ ನನಗೆ ಮುಖ್ಯವಾದದ್ದು ಒಂದು ಪದ: ಕೂಲಿ. ಇವತ್ತು ನಮ್ಮ ಸಭೆಗಳಲ್ಲಿ ಓದುವ ಕನ್ನಡ ಬೈಬಲಿನಲ್ಲೂ ಅದೇ ಪದವಿದೆ. ಅರೆಕೆರೆಯಲ್ಲಿ ಅರ್ಧ ಜನ ಬೈಬಲನ್ನು ಇಂಗ್ಲಿಷಿನಲ್ಲಿ ಓದುತ್ತಾರೆ. ಆ ಭಾಷೆಯಲ್ಲಿ ಈ ಮಾತು ಯಾವುದೋ ಹಳೆಯ ಕಾಲದ ಹೊಲಕ್ಕೆ ಸೇರಿದಂತೆ ಕೇಳಿಸಿ ದಾಟಿಹೋಗುತ್ತದೆ. ಕನ್ನಡದಲ್ಲಿ ದಾಟುವುದು ಕಷ್ಟ. ನಾವು ಸ್ಯಾಲರಿ ಪಡೆಯುವವರು, ಕೂಲಿ ಎಂದರೆ ಯಾರದೆಂದು ನಮಗೆ ಗೊತ್ತಿದೆ.

ನಾನು ಈ ಮಾತೆತ್ತಿದಾಗ ಬರುವ ಮೊದಲ ಉತ್ತರ: ರಕ್ಷಣೆ ಕೃಪೆಯಿಂದ, ಕ್ರಿಯೆಯಿಂದಲ್ಲ. ಈ ವಾದಕ್ಕೆ ದೊಡ್ಡ ಹಿನ್ನೆಲೆಯಿದೆ. ಲೂಥರ್ 1522ರಲ್ಲಿ ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿದ್ದ. ಆದರೆ ಲೂಥರ್ ಹೋರಾಡಿದ್ದು ಪುಣ್ಯವನ್ನು ಹಣ ಕೊಟ್ಟು ಕೊಳ್ಳಬಹುದು ಎಂಬ ವ್ಯಾಪಾರದ ವಿರುದ್ಧ. ಅಕ್ಕನ ಸಂಬಳ ಕೊಡುವುದು ಪುಣ್ಯವೇ ಅಲ್ಲ, ಬಾಕಿ. ಬಾಕಿ ಉಳಿಸಿಕೊಂಡವನು ಕೃಪೆಯ ಹೆಸರು ಹೇಳಿದರೆ ಅವನು ಕೃಪೆಯನ್ನು ತನ್ನ ಜೇಬು ಕಾಯಲು ನಿಲ್ಲಿಸಿದ್ದಾನೆ ಎಂದೇ ಅರ್ಥ.

ಎರಡನೆಯ ಉತ್ತರ: ನಾವು ಬಡವರಿಗೆ ಕೊಡುತ್ತೇವಲ್ಲ? ನಿಜ, ಕ್ರಿಸ್‌ಮಸ್ಸಿಗೆ ಸೀರೆ ಕೊಡುತ್ತೇವೆ, ಮಕ್ಕಳ ಹಳೆಯ ಬಟ್ಟೆ ಕೊಡುತ್ತೇವೆ, ಸಭೆಗೆ ದಶಮಾಂಶವನ್ನು ತಿಂಗಳ ಮೊದಲ ಭಾನುವಾರವೇ ರೂಪಾಯಿಗೆ ರೂಪಾಯಿ ಎಣಿಸಿ ಹಾಕುತ್ತೇವೆ. ಹಾಗಾದರೆ ಎಣಿಸಲು ಬರುತ್ತದೆ, ತಾರೀಖೂ ನೆನಪಿರುತ್ತದೆ ಎಂದಾಯಿತು. ದೇವರಿಗೆ ಒಂದನೇ ವಾರ, ಅಕ್ಕನಿಗೆ ಎರಡನೇ ವಾರ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ನಿನ್ನ ಸಹೋದರನೊಂದಿಗೆ ಸರಿಮಾಡಿಕೊ ಎಂದು ಹೇಳಿದ ಗುರುವಿನ ಶಿಷ್ಯರು ನಾವು, ಈ ಸರದಿಯನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ಸೀರೆ ದಾನ, ಸಂಬಳ ಹಕ್ಕು. ಹಕ್ಕನ್ನು ತಡೆಹಿಡಿದು ದಾನ ಕೊಡುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಓದುವುದು ಶಾಸ್ತ್ರ, ಹಾಕುವುದು ಗಾಳ ಎನ್ನುತ್ತಾರೆ.

ಮೂರನೆಯ ಉತ್ತರ ನನ್ನನ್ನು ನಿಜವಾಗಿ ತಡೆಯುತ್ತದೆ. ಇದು ಯಾವ ಕಾಲ, ನೀನು ಯಾಕೆ ನಮ್ಮವರ ಮೇಲೆಯೇ ಬರೆಯುತ್ತೀಯ ಎಂದು ಅಮ್ಮ ಕೇಳುತ್ತಾರೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿ ನಡೆದಾಗ ನಾನು ಶಾಲೆಯಲ್ಲಿದ್ದೆ, ಆ ಭಾನುವಾರದ ನಂತರ ನಮ್ಮ ಮನೆಯಲ್ಲಿ ಹಾಡು ಮೆಲ್ಲಗಾಯಿತು. 2022ರಲ್ಲಿ ಬಂದ ಮತಾಂತರ ತಡೆ ಕಾಯ್ದೆ ಉಡುಗೊರೆ, ಹಣ, ಉದ್ಯೋಗ, ಉಚಿತ ಶಿಕ್ಷಣ ಎಲ್ಲವನ್ನೂ 'ಆಮಿಷ' ಎಂಬ ಪದದೊಳಗೆ ತುಂಬಿತು. ಈ ಭಯ ಸುಳ್ಳಲ್ಲ. ಮನೆಗೆಲಸದವರನ್ನು ಸತಾಯಿಸುವುದರಲ್ಲಿ ಯಾವ ಧರ್ಮದವರೂ ಹಿಂದೆ ಬಿದ್ದಿಲ್ಲ ಎಂಬುದೂ ಸುಳ್ಳಲ್ಲ. ಕೆಲಸದವರಿಗೆ ಬೇರೆ ಲಿಫ್ಟು ಗೊತ್ತುಮಾಡುವ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಎಲ್ಲ ಧರ್ಮದವರೂ ಒಟ್ಟಿಗೆ ಕೈ ಎತ್ತುತ್ತಾರೆ. ಆದರೂ ನಾನು ಬರೆಯುತ್ತೇನೆ. ನಾವು ಬಡವರಿಗೆ ಆಮಿಷ ಒಡ್ಡುತ್ತೇವೆ ಎಂಬುದು ಆರೋಪ. ನಾನು ಕಂಡ ಮನೆಗಳಲ್ಲಿ ಆಮಿಷ ಹಾಗಿರಲಿ, ಸಂಬಳವೇ ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ. ಹೊರಗಿನವರ ಸುಳ್ಳಿಗೆ ಉತ್ತರ ಕೊಡುವ ಹಕ್ಕು ನಮಗಿದೆ, ಆದರೆ ಆ ಉತ್ತರವನ್ನು ಅಡುಗೆಮನೆಯಲ್ಲಿ ನಿಂತವರು ಕೇಳಿ ನಗಬಾರದು.

ಶಾಸ್ತ್ರವನ್ನು ದುಡಿಮೆಯ ಜಾಗಕ್ಕೆ ತಂದ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ಪಡೆದವರು ಜಾತಿಯ ಜೊತೆಗೆ ಕುಲಕಸುಬನ್ನೂ ಆಸರೆಯನ್ನೂ ಕಳೆದುಕೊಂಡಾಗ, ಪ್ರಾರ್ಥಿಸಿ ಸುಮ್ಮನೆ ಕಳಿಸದೆ ಮಿಶನ್ ಅವರಿಗೆ ಕೆಲಸ ಹುಡುಕಬೇಕಾಯಿತು. 1841ರಲ್ಲಿ ಮುದ್ರಣಾಲಯ, ಆಮೇಲೆ ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ. ಇದನ್ನು ಚಿನ್ನದ ಕಾಲವೆಂದು ನಾನು ಹೇಳುವುದಿಲ್ಲ. ಸಭಾಪಾಲಕರೂ ಮಾಲೀಕರೂ ಒಂದೇ ಮಿಶನ್ನಿನವರಾಗಿದ್ದಾಗ ಕೂಲಿಯವನು ಎದುರು ಮಾತಾಡುವುದು ಹೇಗೆ? ಆದರೆ ಒಂದನ್ನು ಒಪ್ಪಲೇಬೇಕು: ವಿಶ್ವಾಸಕ್ಕೂ ಅನ್ನಕ್ಕೂ ಸಂಬಂಧವಿದೆ ಎಂದು ಅವರಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ನಮಗೆ ಕಾನೂನು ನೆನಪಿಸಬೇಕಾಗಿದೆ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲೇ ಗೊತ್ತುಮಾಡಿತು. ನಮ್ಮ ಸಭೆಯಲ್ಲಿ ಆ ಮಾತನ್ನು ನಾನು ಒಮ್ಮೆಯೂ ಕೇಳಿಲ್ಲ. ಎರಡು ಸಾವಿರ ವರ್ಷ ಹಳೆಯ ಪತ್ರಿಕೆಯನ್ನು ಪದ ಬಿಡಿಸಿ ಓದುತ್ತೇವೆ, ಇಪ್ಪತ್ತು ವರ್ಷದ ಹಿಂದಿನ ಅಧಿಸೂಚನೆ ಗೊತ್ತಿಲ್ಲ.

ಈಗ ನನ್ನ ಲೆಕ್ಕ. ಆ ಶುಕ್ರವಾರ ನಾನು ಬಾಯಿಬಿಡದಿರಲು ಸಂಕೋಚವೊಂದೇ ಕಾರಣವಲ್ಲ. ಅದೇ ಅಕ್ಕ ನಾವು ಮೂವರು ಹುಡುಗಿಯರು ಬಾಡಿಗೆಗಿರುವ ಮನೆಗೂ ಬರುತ್ತಾರೆ. ಆ ತಿಂಗಳು ನಮ್ಮ ಫೆಲೋಶಿಪ್ ಹಣ ಬಂದಿರಲಿಲ್ಲ, ನಾವೂ ಅವರಿಗೆ ಕೊಟ್ಟಿರಲಿಲ್ಲ. ಫೆಲೋಶಿಪ್ ತಡವಾದಾಗಲೆಲ್ಲ ನಾನು ಮೇಲ್ ಬರೆಯುತ್ತೇನೆ, ಸಹಿ ಹಾಕುತ್ತೇನೆ, ಸಂಶೋಧಕರ ಹೊಟ್ಟೆಯ ಬಗ್ಗೆ ಫೇಸ್‌ಬುಕ್ಕಿನಲ್ಲಿ ಉದ್ದುದ್ದ ಬರೆಯುತ್ತೇನೆ. ಅಕ್ಕನಿಗೆ ಮಾತ್ರ, 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಕ್ಕ' ಎಂದಿದ್ದೆ. ಆ ತಿಂಗಳೂ ನಾವು ಸ್ವಿಗ್ಗಿಯಲ್ಲಿ ಬಿರಿಯಾನಿ ತರಿಸಿದ್ದೆವು.

ಆದ್ದರಿಂದ ನನ್ನ ಬೇಡಿಕೆಗಳು ದೊಡ್ಡವಲ್ಲ. ಸಂಬಳ ಒಂದನೇ ತಾರೀಖಿಗೆ, ಕೇಳಿಸಿಕೊಳ್ಳದೆ ಕೊಡಬೇಕು. ವಾರಕ್ಕೊಂದು ರಜೆ, ಕಾಯಿಲೆ ಬಿದ್ದ ದಿನಕ್ಕೆ ಸಂಬಳ ಮುರಿಯಬಾರದು. ಸಬ್ಬತ್ತಿನ ಆಜ್ಞೆಯಲ್ಲಿ ದಾಸಿಯ ಹೆಸರೂ ಇದೆ, ನಮ್ಮ ಭಾನುವಾರದ ಆರಾಧನೆಗೆ ಇಸ್ತ್ರಿ ಮಾಡಿಕೊಡುವವರು ಯಾರು ಎಂದು ಯೋಚಿಸಬೇಕು. ಸಭೆಯ ಅಂಗಳ ಗುಡಿಸುವವರಿಗೆ, ಗೇಟು ಕಾಯುವವರಿಗೆ ಎಷ್ಟು ಕೊಡುತ್ತಿದ್ದೇವೆಂದು ವಾರ್ಷಿಕ ಸಭೆಯಲ್ಲಿ ಓದಿ ಹೇಳಬೇಕು. ಮತ್ತು ಕರ್ತನ ಭೋಜನಕ್ಕೆ ಮೊದಲು ಅಯ್ಯನವರು ಒಂದೇ ಒಂದು ಪ್ರಶ್ನೆ ಕೇಳಬೇಕು: ನಿಮ್ಮ ಮನೆಯಲ್ಲಿ ದುಡಿದವರ ಸಂಬಳ ಕೊಟ್ಟು ಬಂದಿದ್ದೀರಾ? ಕೊರಿಂಥದವರ ಭೋಜನದ ಮೇಲೆ ಪೌಲ ಸಿಟ್ಟಾದದ್ದು ಇಂಥ ಕಾರಣಕ್ಕೇ. ಒಬ್ಬ ಹಸಿದಿದ್ದ, ಇನ್ನೊಬ್ಬ ಕುಡಿದು ತೃಪ್ತನಾಗಿದ್ದ, ಇಬ್ಬರೂ ಒಂದೇ ಸಭೆಯವರಾಗಿದ್ದರು.

ಮುಂದಿನ ತಿಂಗಳು ನಾವು ಮೂವರು ಸೇರಿ, ಸಾಲ ಮಾಡಿ, ಬಾಕಿಯ ಸಮೇತ ಒಂದನೇ ತಾರೀಖೇ ಕೊಟ್ಟೆವು. ನಾನು ಕ್ಷಮೆ ಕೇಳಲು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಕ್ಕನಿಗೆ ಅದು ಬೇಕಾಗಿರಲಿಲ್ಲ. ಎರಡು ಸಲ ಎಣಿಸಿ, ಸೆರಗಿಗೆ ಕಟ್ಟಿಕೊಂಡು ಕೇಳಿದರು: 'ಬರೋ ತಿಂಗಳ ಸೈತ ಒಂದನೇ ತಾರೀಖಿಗೇ ಕೊಡ್ತೀರೇನ್ರಿ ಅಕ್ಕಾರ?'